ಕೋವಿಗೆ ಹೇಳಿದ ಮಾತು

ನಮ್ಮ ಊರಿನಲ್ಲಿ ಮನೆಗೊಂದು ಕೋವಿ, ಕೋವಿಗೊಬ್ಬ ಶತ್ರು. ಕೋವಿ ಇಲ್ಲದಿದ್ದರೂ ಸಂಸಾರ ಹೇಗೋ ನಡೆದೀತು, ಶತ್ರು ಇಲ್ಲದ ಮನೆಗೆ ಹೆಣ್ಣು ಕೊಡಲು ಜನ ಹಿಂದುಮುಂದು ನೋಡುತ್ತಾರೆ. ಯಾಕೆಂದರೆ ನಮ್ಮ ಬೀಗರು ನೆಂಟರೆಲ್ಲ ಗೆರೆಯಾಚೆಯ ರಾಜ್ಯದವರು. ಕೋವಿಯ ಸದ್ದಿಲ್ಲದೆ ನಮ್ಮಲ್ಲಿ ಮದುವೆಯೂ ಇಲ್ಲ, ಮಣ್ಣೂ ಇಲ್ಲ, ಕೂಸಿಗೆ ಹೆಸರೂ ಇಲ್ಲ. ಹಾಗಾಗಿ ವರ್ಷಕ್ಕೊಮ್ಮೆಯಾದರೂ ಒಂದಲ್ಲ ಒಂದು ಕಾರಣಕ್ಕೆ ಕೋವಿ ಗೆರೆ ದಾಟಲೇಬೇಕು. ಗೆರೆ ದಾಟುವ ಕೋವಿಗೆ ಇರುವ ಕಾನೂನು ಒಂದೇ. ಕೋವಿ ಒಬ್ಬರ ಕೈಯಲ್ಲಿ ಇರಬೇಕು, ತೋಟಾ ಇನ್ನೊಬ್ಬರ ಕೈಯಲ್ಲಿ ಇರಬೇಕು, ಆ ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗಬಾರದು. ತೋಟಾ ಯಜಮಾನನ ಹತ್ತಿರ, ಕೋವಿ ಅವನ ಶತ್ರುವಿನ ಹತ್ತಿರ. ಗುರುತು ಪರಿಚಯ ಇಲ್ಲದವರನ್ನು ಕರೆದುಕೊಂಡು ಹೋದರೆ ನಡೆಯುವುದಿಲ್ಲ. ಅಂಥವರು ಅರ್ಧ ದಾರಿಗೆ ಎಲೆ ಅಡಿಕೆ ಹಂಚಿಕೊಂಡು ಸ್ನೇಹಿತರಾಗಿಬಿಡುತ್ತಾರೆ.

ಇಂಥ ಜೋಡಿಗಳನ್ನು ಗೆರೆ ದಾಟಿಸಿ ವಾಪಸು ತರುವುದು ನನ್ನ ಕಸುಬು. ನನ್ನ ಹೆಸರು ನಿಂಗಾಜಿ, ಜೀಪು ನಮ್ಮಪ್ಪನದು. ಹೆಂಗಸು ಜೀಪು ಓಡಿಸುವುದೇ ಎಂದು ಮೊದಮೊದಲು ಮೂಗು ಮುರಿದವರೇ ಈಗ ಹಿಂದಿನ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ಕನ್ನಡಿಯಲ್ಲಿ ನಾನು ನೋಡದ ಜಗಳ ಇಲ್ಲ. ಬದುವಿನ ಜಗಳ ಎರಡು ಮಳೆಗಾಲಕ್ಕೆ ತಣ್ಣಗಾಗುತ್ತದೆ. ಭಾಗದ ಜಗಳ ಮಕ್ಕಳ ಮದುವೆಯ ಹೊತ್ತಿಗೆ ಸಡಿಲವಾಗುತ್ತದೆ. ಓರಗಿತ್ತಿಯರ ಜಗಳ ಮಾತ್ರ ಗಟ್ಟಿ, ಅವರನ್ನು ಹತ್ತಿಸಿಕೊಂಡರೆ ಗೆರೆಯ ಗೇಟಿನಲ್ಲಿ ನಾನು ಇಂಜಿನ್ ಆರಿಸುವುದೂ ಇಲ್ಲ. ಆದರೆ ನಾನು ಹೇಳಹೊರಟಿರುವುದು ಸಣ್ಣೀರಪ್ಪ ಮತ್ತು ದ್ಯಾವಣ್ಣನ ವಿಷಯ.

ಇಬ್ಬರೂ ಒಂದೇ ವಾರಗೆಯವರು, ಅಕ್ಕಪಕ್ಕದ ಹೊಲದವರು, ಒಂದು ಕಾಲದಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು. ಊರಿನ ಹಿರಿಯರಿಗೆ ಅದೇ ಚಿಂತೆಯಾಗಿತ್ತು. ಇಷ್ಟು ಹೊಂದಿಕೊಂಡಿದ್ದರೆ ನಾಳೆ ಇವರ ಕೋವಿ ಗೆರೆ ದಾಟುವುದು ಹೇಗೆ ಎಂದು ಬುದ್ಧಿ ಹೇಳಿ ನೋಡಿದ್ದರು. ಒಂದು ಸಂಜೆ, ಕಡಲೆಕಾಯಿ ಬಲಿಯುವ ಕಾಲ, ಸಣ್ಣೀರಪ್ಪ ಹಂದಿ ಕಾಯುತ್ತ ಹೊಲದಲ್ಲಿ ಕೂತಿದ್ದ. ಸಾಲಿನ ನಡುವೆ ಏನೋ ಸರಸರ ಅಂದಿತು. ಹೊಡೆದ. ಹೋಗಿ ನೋಡಿದರೆ ದ್ಯಾವಣ್ಣನ ನಾಯಿ ದೊರೆ.

ಹಂದಿ ಬಿದ್ದಿದ್ದರೆ ಊರಿಗೆ ಸಾಗಿಸೋಣ ಎಂದು ನಾನು ಹೊಲದ ದಾರಿಯಲ್ಲೇ ಜೀಪು ನಿಲ್ಲಿಸಿಕೊಂಡಿದ್ದೆ. ಸದ್ದು ಕೇಳಿ ಓಡಿದಾಗ ಸಣ್ಣೀರಪ್ಪ ಹೆಗಲ ಮೇಲಿನ ಟವೆಲ್ಲು ಹಾಸಿ ನಾಯಿಯನ್ನು ಅದರ ಮೇಲೆ ಮಲಗಿಸುತ್ತಿದ್ದ. ಗಂಡಸರು ಅಳುವುದನ್ನು ನಾನು ಬಹಳ ನೋಡಿದ್ದೇನೆ. ಅಷ್ಟು ಅತ್ತದ್ದನ್ನು ನೋಡಿಲ್ಲ. ನಾಯಿಯನ್ನು ತಾನೇ ಹೊತ್ತುಕೊಂಡು ಹೋಗಿ ದ್ಯಾವಣ್ಣನ ಜಗಲಿಯ ಮೇಲೆ ಇಟ್ಟು, "ಹಂದಿ ಅನ್ಕಂಡೆ ಕಣೋ" ಎಂದ. ದ್ಯಾವಣ್ಣ ಟವೆಲ್ಲಿನ ಸಮೇತ ನಾಯಿಯನ್ನು ಒಳಗೆ ತೆಗೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡ. ಅವನಿಗೆ ಮಕ್ಕಳಿರಲಿಲ್ಲ, ಹೆಂಡತಿ ತೀರಿಹೋಗಿ ವರ್ಷವಾಗಿತ್ತು. ಅಂದಿನಿಂದ ಮಾತು ನಿಂತಿತು.

ಮಾರನೆಯ ದಿನ ಊರವರು ಎರಡೂ ಮನೆಗೆ ಬಂದು, ಒಳ್ಳೆಯದಾಯಿತು ಬಿಡಿ, ದೇವರು ದೊಡ್ಡವನು, ಎಂದು ಹೇಳಿ ಹೋದರು.

ಮೊದಲ ಎರಡು ಸಲ ಅವರನ್ನು ಕರೆದುಕೊಂಡು ಹೋದಾಗ ಅದು ನಿಜವಾದ ಜಗಳವೇ. ಜೀಪಿನ ಒಳಗೆ ಉಸಿರು ಬಿಡಲು ಕಷ್ಟವಾಗುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ದ್ಯಾವಣ್ಣನ ಗೂಟದಲ್ಲಿ ಯಾರೋ ಒಂದು ನಾಯಿಮರಿ ಕಟ್ಟಿ ಹೋಗಿದ್ದರು. ಯಾರು ಎಂದು ಅವನು ವಿಚಾರಿಸಲಿಲ್ಲ. ಮುಂದಿನ ಪ್ರಯಾಣದಲ್ಲಿ, ಊರು ಬಿಟ್ಟು ಸ್ವಲ್ಪ ದೂರ ಹೋದ ಮೇಲೆ, ದ್ಯಾವಣ್ಣ ಮಡಿಲಲ್ಲಿದ್ದ ಕೋವಿಯ ಮೇಲೆ ಕೈಯಾಡಿಸುತ್ತ, "ಏನವ್ವ ಕೋವಿ, ನಿನ್ ಯಜಮಾನಂಗೆ ಹೇಳವ್ವ, ಮರಿ ಹಾಲು ಕುಡೀತು ಅಂತ" ಎಂದ.

ನಾನು ಕನ್ನಡಿಯಲ್ಲಿ ನೋಡಿದೆ. ಸಣ್ಣೀರಪ್ಪ ಕಿಟಕಿಯ ಆಚೆ ಮುಖ ತಿರುಗಿಸಿಕೊಂಡಿದ್ದ. ಸ್ವಲ್ಪ ಹೊತ್ತಿನ ಮೇಲೆ ತೊಡೆಯ ಮೇಲಿನ ತೋಟಾದ ಡಬ್ಬಿಗೆ ಹೇಳಿದ. "ಹಸುವಿನ್ ಹಾಲು ಜಾಸ್ತಿ ಕುಡಿಸ್ಬಾರ್ದಂತೆ, ಹೊಟ್ಟೆ ಕೆಡ್ತದಂತೆ."

ಅಲ್ಲಿಂದ ಶುರುವಾಯಿತು. ಊರಿನಲ್ಲಿ ಎದುರಾದರೆ ಇಬ್ಬರೂ ಉಗುಳಿ ರಸ್ತೆ ದಾಟುತ್ತಿದ್ದರು. ಜೀಪು ಹತ್ತಿದರೆ ಕೋವಿಗೂ ಡಬ್ಬಿಗೂ ಮುಗಿಯದಷ್ಟು ಮಾತು. ಮಂಡಿನೋವಿಗೆ ಯಾವ ಎಣ್ಣೆ, ಕಡಲೆಕಾಯಿಗೆ ಏನು ರೇಟು, ದ್ಯಾವಣ್ಣನಿಗೆ ಸಕ್ಕರೆ ಕಾಯಿಲೆ ಬಂದದ್ದು, ಸಣ್ಣೀರಪ್ಪನ ಹಲ್ಲು ಬಿದ್ದದ್ದು, ಎಲ್ಲವೂ ಕೋವಿಗೆ ಗೊತ್ತು. ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲ, ಆದ್ದರಿಂದ ಕಾನೂನೂ ಮುರಿಯಲಿಲ್ಲ. ನಾನೂ ನೋಡಿದರೂ ನೋಡದಂತೆ ಗಾಡಿ ಓಡಿಸುತ್ತಿದ್ದೆ. ಇಷ್ಟು ಚೆನ್ನಾಗಿ ಮಾತಾಡುವ ಗಂಡ ಹೆಂಡತಿ ನಮ್ಮ ಬೀದಿಯಲ್ಲಿ ಇರಲಿಲ್ಲ.

ಗೇಟಿನಲ್ಲಿ ಮಾತ್ರ ಜೋಪಾನವಾಗಿ ಇರಬೇಕಿತ್ತು. ಅಲ್ಲಿ ಒಂದು ಕಲ್ಲುಬೆಂಚು, ಪಕ್ಕದಲ್ಲಿ ಒಂದು ಬಡಕಲು ಹೊಂಗೆ ಮರ. ಅದರ ನೆರಳು ಒಬ್ಬರಿಗೆ ಸಾಕು, ಇಬ್ಬರಿಗೆ ಸಾಲದು. ಕಾವಲಿನ ದಫೇದಾರ ಏನನ್ನೂ ಕೇಳುವುದಿಲ್ಲ. ಇಬ್ಬರನ್ನೂ ಆ ಬೆಂಚಿನ ಮೇಲೆ ಕೂರಿಸಿ, ಕಿಟಕಿಯಿಂದ ನೋಡುತ್ತ ತನ್ನ ಊಟ ಮುಗಿಸುತ್ತಾನೆ. ನೆರಳಿಗಾಗಿ ತಳ್ಳಾಡಿದರೆ, ಇಲ್ಲವೇ ಒಬ್ಬ ಬಿಸಿಲಲ್ಲಿ ಬೇಯುವುದನ್ನು ಇನ್ನೊಬ್ಬ ನೆಮ್ಮದಿಯಾಗಿ ನೋಡಿದರೆ, ಗೇಟು ಏಳುತ್ತದೆ. ಜರುಗಿ ಜಾಗ ಕೊಟ್ಟರೆ ಜೀಪು ವಾಪಸು. ಆ ಜೋಡಿ ಮತ್ತೆ ಒಂದು ವರ್ಷ ಆ ಬೆಂಚಿನ ಮೇಲೆ ಕೂರುವ ಹಾಗಿಲ್ಲ. ಇವರಿಬ್ಬರೂ ಒಂದು ಒಪ್ಪಂದ ಮಾಡಿಕೊಂಡಿದ್ದರು, ಅದೂ ಕೋವಿಯ ಮೂಲಕವೇ. ಒಂದು ಸಲ ನೆರಳು ಸಣ್ಣೀರಪ್ಪನಿಗೆ, ಮುಂದಿನ ಸಲ ದ್ಯಾವಣ್ಣನಿಗೆ.

ಸಣ್ಣೀರಪ್ಪನಿಗೆ ಒಬ್ಬಳೇ ಮಗಳು, ಭಾಗ್ಯ. ಗೆರೆಯಾಚೆ ಕೊಟ್ಟಿತ್ತು. ನಮ್ಮಲ್ಲಿ ತಾಯಿಯ ತಂದೆಯ ಕೋವಿ ಆಕಾಶಕ್ಕೆ ಒಂದು ಗುಂಡು ಹಾರಿಸಿದ ಮೇಲೆಯೇ ಕೂಸಿಗೆ ಹೆಸರು. ಬೇರೆಯವರ ಕೋವಿ ಆಗುವುದಿಲ್ಲ, ಹೆಸರಿಲ್ಲದ ಕೂಸನ್ನು ಈಚೆಗೆ ತರುವುದೂ ಆಗುವುದಿಲ್ಲ. ಭಾಗ್ಯಳ ಮೊದಲ ಕೂಸು ಹುಟ್ಟಿದಾಗ ಚುನಾವಣೆ ನಡೆದಿತ್ತು, ಊರಿನ ಕೋವಿಗಳೆಲ್ಲ ಠಾಣೆಯಲ್ಲಿದ್ದವು. ಕೋವಿ ಬಿಡಿಸಿಕೊಂಡು ಬರುವ ಮೊದಲೇ ಕೂಸು ಹೋಯಿತು. ಹೆಸರಿಲ್ಲದ ಕೂಸಿಗೆ ಅಳಲೂ ಬರುವುದಿಲ್ಲ, ಏನೆಂದು ಕರೆದು ಅಳುವುದು? ಭಾಗ್ಯ ಆ ನೋವನ್ನು ಬಾಯಿಬಿಟ್ಟು ಹೇಳದೆ ನಾಲ್ಕು ವರ್ಷ ಕಳೆದಳು. ಈಗ ಎರಡನೆಯದು, ಹೆಣ್ಣು. ಹುಟ್ಟಿದಾಗಿನಿಂದ ಮೈ ಬಿಸಿ, ಮೊಲೆ ಸರಿಯಾಗಿ ಹಿಡಿಯುತ್ತಿಲ್ಲ ಎಂದು ಸುದ್ದಿ ಬಂತು. ಸಣ್ಣೀರಪ್ಪ ತೋಟಾದ ಡಬ್ಬಿ ಹಿಡಿದು ನನ್ನ ಜೀಪಿನ ಹತ್ತಿರ ಬಂದು ನಿಂತ. ನಾನು ಹೋಗಿ ದ್ಯಾವಣ್ಣನಿಗೆ ಹೇಳಿದೆ.

ದ್ಯಾವಣ್ಣ ಅಂಗಿ ಹಾಕಿಕೊಳ್ಳುತ್ತಿದ್ದ. "ಏನಾದ್ರು ತಿಂದ್ಯಾ ದ್ಯಾವಣ್ಣ?" ಎಂದೆ.

"ಮಾತ್ರೆ ನುಂಗಿವ್ನಿ. ಮೊಗೀಗೆ ಹೆಸರು ಆಗೋಗಂಟ ಬಾಯಿಗೆ ಏನೂ ಹಾಕಾಕಿಲ್ಲ ಅಂತ ಹರಕೆ ಹೊತ್ತಿವ್ನಿ ಕಣವ್ವ. ಅಂವಂಗೆ ಹೇಳಬ್ಯಾಡ."

ದಾರಿಯುದ್ದಕ್ಕೂ ಕೋವಿಗೆ ಒಂದೇ ಮಾತು ಹೇಳುತ್ತಿದ್ದ. "ಹೆದರ್ಕಬ್ಯಾಡ ಅನ್ನವ್ವ ನಿನ್ ಯಜಮಾನಂಗೆ. ಈ ಸಲ ಏನೂ ಆಗಾಕಿಲ್ಲ ಅನ್ನು." ಸಣ್ಣೀರಪ್ಪ ಡಬ್ಬಿಯ ಮುಚ್ಚಳ ತೆಗೆದು ತೋಟಾ ಎಣಿಸಿ ಮತ್ತೆ ಮುಚ್ಚುತ್ತಿದ್ದ.

ಗೇಟು ತಲುಪಿದಾಗ ನೆತ್ತಿಯ ಬಿಸಿಲು. ಆ ಸಲ ನೆರಳು ಸಣ್ಣೀರಪ್ಪನದು. ಅವನು ಮರದ ಕಡೆಗೆ ಕೂತ, ದ್ಯಾವಣ್ಣ ಕೋವಿ ತಬ್ಬಿಕೊಂಡು ಬಿಸಿಲಿಗೆ ಕೂತ. ದಫೇದಾರ ಬುತ್ತಿ ಬಿಚ್ಚಿದ. ನಾನು ಜೀಪಿನ ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಮೊದಲು ದ್ಯಾವಣ್ಣನ ಹಣೆ ಬೆವರಿತು. ಬಿಸಿಲಿಗೆ ಎಲ್ಲರೂ ಬೆವರುತ್ತಾರೆ. ಆಮೇಲೆ ಕೋವಿ ಹಿಡಿದ ಕೈ ನಡುಗಲು ಶುರುವಾಯಿತು. ಖಾಲಿ ಹೊಟ್ಟೆಗೆ ಆ ಮಾತ್ರೆ ನುಂಗಿದರೆ ಏನಾಗುತ್ತದೆಂದು ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವನಿಗೂ ಗೊತ್ತಿತ್ತು. ತುಟಿ ಕಚ್ಚಿಕೊಂಡು, ನೆಟ್ಟಗೆ ಎದುರಿನ ಗೇಟನ್ನೇ ನೋಡುತ್ತ ಕೂತಿದ್ದ. ತನ್ನ ಹಳೆಯ ಗೆಳೆಯನ ಮೊಮ್ಮಗಳಿಗೆ ಹೆಸರು ಸಿಗಲಿ ಎಂದು ಅವನು ಶತ್ರುವಾಗಿ ಕೂತಿದ್ದ.

ಸಣ್ಣೀರಪ್ಪ ಓರೆಗಣ್ಣಿನಲ್ಲಿ ನೋಡಿದ. ಮುಖ ತಿರುಗಿಸಿದ. ಮತ್ತೆ ನೋಡಿದ. ಅವನ ಕೈ ತನ್ನ ಮಂಡಿಯನ್ನು ತಾನೇ ಅದುಮಿ ಹಿಡಿದಿತ್ತು, ಏಳಬೇಡ ಎಂದು ಹೇಳುವ ಹಾಗೆ. ದ್ಯಾವಣ್ಣನ ಕಣ್ಣು ಮೇಲಕ್ಕೆ ಹೊರಳಿತು, ತಲೆ ವಾಲಿತು.

"ದ್ಯಾವಾ!" ಎಂದ ಸಣ್ಣೀರಪ್ಪ.

ಎಷ್ಟೋ ವರ್ಷಗಳ ಮೇಲೆ ಆಡಿದ ಹೆಸರು. ಅವನನ್ನು ಎಳೆದು ನೆರಳಿಗೆ ಒರಗಿಸಿದ. ಹೆಸರಿಡುವ ಶಾಸ್ತ್ರಕ್ಕೆ ಕಟ್ಟಿಕೊಂಡು ತಂದಿದ್ದ ಬೆಲ್ಲದ ಅಚ್ಚನ್ನು ಹಲ್ಲಿನಲ್ಲಿ ಕಚ್ಚಿ ಮುರಿದು ಅವನ ಬಾಯಿಗೆ ಇಟ್ಟ. ನಾನು ನೀರು ತಂದೆ. ಸ್ವಲ್ಪ ಹೊತ್ತಿಗೆ ದ್ಯಾವಣ್ಣನ ಕಣ್ಣಿಗೆ ಬೆಳಕು ಬಂತು.

ದಫೇದಾರ ಕೈ ತೊಳೆದುಕೊಂಡು ಹೊರಗೆ ಬಂದ. ಕೆಟ್ಟ ಮನುಷ್ಯನಲ್ಲ, ಬೇರೆ ಊರಿನವನು. "ನೋಡಿ ಯಜಮಾನ್ರೇ, ಬೆಲ್ಲ ತಿನ್ನಿಸಿದವರಿಗೂ ತಿಂದವರಿಗೂ ನಾನು ಗೇಟು ಎತ್ತೋಕಾಗಲ್ಲ. ನಿಮ್ಮ ಮಧ್ಯೆ ಏನೂ ಇಲ್ಲ. ಹೊರಡಿ, ಮುಂದಿನ ವರ್ಷ ಬನ್ನಿ" ಎಂದು ಹೇಳಿ ಒಳಗೆ ಹೋದ.

ಮುಂದಿನ ವರ್ಷ. ಸಣ್ಣೀರಪ್ಪ ಬೆಲ್ಲದ ಚೂರು ಹಿಡಿದುಕೊಂಡು ಗೇಟಿನ ಆಚೆ ನೋಡುತ್ತ ನಿಂತ. ಆ ಕೂಸಿಗೆ ಮುಂದಿನ ವಾರ ಇದೆಯೋ ಇಲ್ಲವೋ. ಹೊಸ ಶತ್ರುವನ್ನು ಹುಡುಕೋಣ ಎಂದರೆ ಅದೇನು ಸಂತೆಯಲ್ಲಿ ಸಿಗುವ ಸರಕೇ? ಹಗೆ ಹೊಟ್ಟೆಯೊಳಗೆ ಬೇರು ಬಿಡಬೇಕು.

ದ್ಯಾವಣ್ಣ ನೆರಳಿನಲ್ಲಿ ಕೂತು ನಿಧಾನವಾಗಿ ನಕ್ಕ. "ಯಾಕ್ಲಾ ಎದ್ದೆ? ನನ್ ಕೈಲಿ ಆಯ್ತಿತ್ತು." ಮತ್ತೆ ಹೇಳಿದ, "ಹೋಗ್ಲಿ ಬುಡು. ನೀನು ನನ್ ಹೆಸರು ಹಿಡ್ದು ಕರೆಯೋದ ಮರ್ತೇ ಬುಟ್ಟಿದ್ದೆ. ಕೇಳಿ ಹೊಟ್ಟೆ ತುಂಬ್ತು."

ಸಣ್ಣೀರಪ್ಪ ಅವನ ಕಡೆ ತಿರುಗಿದ. ಅವನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಏನನ್ನೋ ಮಾರಲು ಹೊರಟವನ ಮುಖ ಅದು. ಕಿಟಕಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

"ದ್ಯಾವಾ, ಅವತ್ತು ಬಂದದ್ದು ಹಂದಿ ಅಲ್ಲ, ನಿನ್ ದೊರೆ ಅಂತ ನಂಗೆ ಗೊತ್ತಿತ್ತು. ನೋಡ್ಕಂಡೇ ಹೊಡ್ದೆ."

ದ್ಯಾವಣ್ಣ ಮತ್ತೆ ನಕ್ಕ. "ಸುಮ್ಕಿರ್ಲಾ. ಗೇಟು ಎತ್ಲಿ ಅಂತ ಹೇಳ್ತಾ ಇದ್ದೀಯ."

ಸಣ್ಣೀರಪ್ಪನಿಗೆ ಅಷ್ಟು ಸಾಲದು ಎಂದು ಗೊತ್ತಾಯಿತು. ಒಂದು ಹೆಜ್ಜೆ ಹತ್ತಿರ ಬಂದ. "ಬಾಲ ಅಲ್ಲಾಡಿಸ್ಕಂಡು ಬಂತು. ನನ್ ಗುರ್ತು ಹಿಡ್ದು ಓಡಿ ಬಂತು. ನಾನು ಕೈಯಾಗೆ ಹಿಂಗೆ ಕರ್ದೆ. ಇನ್ನೂ ಹತ್ರ ಬಂತು. ಬಾಲ ಅಲ್ಲಾಡಿಸ್ತಾ ಇದ್ದಂಗೇ ಹೊಡ್ದೆ."

ಎಡಗೈಯನ್ನು ಕೆಳಗೆ ಚಾಚಿ ಬೆರಳು ಆಡಿಸಿ ತೋರಿಸಿದ, ನಾಯಿಯನ್ನು ಕರೆಯುವ ಹಾಗೆ. ದ್ಯಾವಣ್ಣನ ಮುಖದ ನಗು ಆ ಬೆರಳುಗಳನ್ನು ನೋಡುತ್ತ ನೋಡುತ್ತ ಹೋಯಿತು. ದೊರೆ ಯಾರು ಕರೆದರೂ ಹಾಗೆಯೇ ಬರುತ್ತಿತ್ತು, ಊರಿಗೆಲ್ಲ ಗೊತ್ತು. ಅವನು ಎದ್ದ. ಕೋವಿಯ ಹಿಂಬದಿಯಿಂದ ಸಣ್ಣೀರಪ್ಪನ ಎದೆಗೆ ತಿವಿದ. ಸಣ್ಣೀರಪ್ಪ ಬೆಂಚಿನ ಆಚೆ ಬಿಸಿಲಿಗೆ ಹೋಗಿ ಬಿದ್ದ, ಡಬ್ಬಿ ಮಾತ್ರ ಬಿಡಲಿಲ್ಲ. ದ್ಯಾವಣ್ಣ ನೆರಳಿನ ನಟ್ಟನಡುವೆ ಕೂತು ಮುಖ ತಿರುಗಿಸಿದ.

ನಾನು ಕಿಟಕಿಯ ಕಡೆ ನೋಡಿದೆ. ದಫೇದಾರ ಬಹಳ ಹೊತ್ತು ನೋಡುತ್ತಿದ್ದ. ಆಮೇಲೆ ಹೊರಗೆ ಬಂದು, ಯಾರ ಮುಖವನ್ನೂ ನೋಡದೆ, ಗೇಟಿನ ಹಗ್ಗ ಎಳೆದ.

ಬೀಗರ ಮನೆಯಂಗಳದಲ್ಲಿ ದ್ಯಾವಣ್ಣ ಕೋವಿಯನ್ನು ಕೈಗೆ ಕೊಡಲಿಲ್ಲ, ನೆಲದ ಮೇಲೆ ಇಟ್ಟು ದೂರ ನಿಂತ. ಸಣ್ಣೀರಪ್ಪ ಎತ್ತಿಕೊಂಡು, ಒಂದು ತೋಟಾ ತುಂಬಿ, ಆಕಾಶಕ್ಕೆ ಹೊಡೆದ. ಒಳಗಿನಿಂದ ಕೂಸು ಬೆಚ್ಚಿ ಕಿರುಚಿತು. ಅಷ್ಟು ದಿನ ಸೊರಗಿ ಮಲಗಿದ್ದ ಕೂಸು ಮನೆ ಹಾರಿಹೋಗುವಂತೆ ಅತ್ತಿತು. ಅದನ್ನು ಕೇಳಿ ಭಾಗ್ಯಳೂ ಅತ್ತಳು. ನಮಗೆಲ್ಲ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಹೊನ್ನಾಜಮ್ಮ ಎಂದು ಹೆಸರಿಟ್ಟರು, ಕರೆಯಲು ಹೊನ್ನಿ. ಉಳಿದ ಬೆಲ್ಲವನ್ನು ಎಲ್ಲರಿಗೂ ಹಂಚಿದರು. ದ್ಯಾವಣ್ಣ ತನ್ನ ಪಾಲನ್ನು ನನ್ನ ಕೈಗೆ ಹಾಕಿ, ಬಾವಿಯ ಹತ್ತಿರ ಹೋಗಿ ಬರೀ ನೀರು ಕುಡಿದು ಬಂದು ಜೀಪಿನಲ್ಲಿ ಕೂತ.

ವಾಪಸು ಬರುವಾಗ ಬಿಸಿಲು ಇಳಿದಿತ್ತು. ಗೆರೆ ದಾಟಿ ಈಚೆಗೆ ಬರುವವರೆಗೆ ಸಣ್ಣೀರಪ್ಪ ಕಾದ. ಆಮೇಲೆ ಕೋವಿ ಡಬ್ಬಿ ಯಾವುದರ ಹಂಗೂ ಇಲ್ಲದೆ ಅವನ ಕಡೆಗೇ ತಿರುಗಿ ಹೇಳಿದ. "ದ್ಯಾವಾ, ಸುಳ್ಳು ಕಣೋ. ನನ್ ಮೊಮ್ಮಗಳ ಆಣೆ, ಸುಳ್ಳು. ಹಂದಿ ಅನ್ಕಂಡೇ ಹೊಡ್ದದ್ದು."

ದ್ಯಾವಣ್ಣ ಕಿಟಕಿಯ ಆಚೆ ನೋಡುತ್ತಿದ್ದ.

ನನಗೆ ತಡೆಯಲಾಗಲಿಲ್ಲ. "ಸುಳ್ಳೇ ಕಣ್ ದ್ಯಾವಣ್ಣ. ನಾನು ಅಲ್ಲೇ ಇದ್ದೆ. ಎಷ್ಟು ಅತ್ತ ಅಂತ ಕಣ್ಣಾರೆ ಕಂಡಿವ್ನಿ" ಎಂದೆ.

"ನೀನು ಕಂಡದ್ದು ಹೊಡ್ದ ಮ್ಯಾಲೆ ಕಣವ್ವ" ಎಂದ ದ್ಯಾವಣ್ಣ. ದನಿಯಲ್ಲಿ ಸಿಟ್ಟು ಇರಲಿಲ್ಲ. "ಹೊಡ್ಯಕೆ ಮುಂಚೆ ಅಂವ ಏನ್ ಕಂಡ ಅಂತ ನಿಂಗೆ ಗೊತ್ತಿಲ್ಲ. ಕೈಬೆರಳ ಆಡಿಸ್ದ ನೋಡು, ಯೋಚನೆ ಮಾಡಿ ಆಡಿಸ್ದಂಗೆ ಇರ್ನಿಲ್ಲ ಅದು. ಮೊದಲು ಹಂದಿ ಅಂದ, ನಂಬ್ದೆ. ಇವತ್ತು ನಾಯಿ ಅಂದ, ನಂಬ್ದೆ. ಈಗ ತಿರುಗಾ ಹಂದಿ ಅಂತಾನೆ. ಇನ್ನೆಷ್ಟು ಸಲ ನಂಬಾನ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಸಣ್ಣೀರಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ದಾರಿ ಊರಿನ ಏರಿ ಹತ್ತುವಾಗ ದ್ಯಾವಣ್ಣ ಮಡಿಲಲ್ಲಿದ್ದ ಕೋವಿಯನ್ನು ಎತ್ತಿ ತನ್ನ ಮುಖದ ಮುಂದೆ ಹಿಡಿದುಕೊಂಡ.

"ಏನವ್ವ ಕೋವಿ, ಹೊಡ್ದೋಳು ನೀನು. ನೀನೇ ಹೇಳವ್ವ. ಏನ್ ಕಂಡ ಅಂವ?"

ಜೀಪು ಏರಿ ಹತ್ತಿತು. ಅವನು ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದು, ಕೋವಿಯನ್ನು ಕಾಲಿನ ಬಳಿ ಇಟ್ಟ. ಅದೇ ಕೊನೆ, ಕೋವಿಯ ಜೊತೆಗೂ ಮಾತಾಡಲಿಲ್ಲ.

ಮಾರನೆಯ ಬೆಳಿಗ್ಗೆ ಸಣ್ಣೀರಪ್ಪನ ಗೂಟದಲ್ಲಿ ನಾಯಿ ಕಟ್ಟಿತ್ತು. ಮರಿಯಾಗಿ ಹೋದದ್ದು ದೊಡ್ಡ ನಾಯಿಯಾಗಿ ಬಂದಿತ್ತು. ಸಣ್ಣೀರಪ್ಪ ಹಗ್ಗ ಬಿಚ್ಚಿದರೆ ಅದು ನೇರ ದ್ಯಾವಣ್ಣನ ಮನೆಗೆ ಹೋಗುತ್ತದೆ, ದ್ಯಾವಣ್ಣ ಮತ್ತೆ ತಂದು ಕಟ್ಟುತ್ತಾನೆ. ಇಬ್ಬರೂ ಅದಕ್ಕೆ ಹೊಟ್ಟೆ ತುಂಬ ಹಾಕುತ್ತಾರೆ. ಊರಿನಲ್ಲಿ ಈಗ ಅವರದು ದೊಡ್ಡ ಹೆಸರು. ಹೊಸದಾಗಿ ಕೋವಿ ಕೊಂಡವರಿಗೆ ಹಿರಿಯರು ಅವರನ್ನೇ ತೋರಿಸುತ್ತಾರೆ, ಇದ್ದರೆ ಅಂಥ ಜಗಳ ಇರಬೇಕು ಎಂದು.

ಹೊನ್ನಿಗೆ ತಮ್ಮ ಹುಟ್ಟಿದಾಗಲೂ ನಾನೇ ಕರೆದುಕೊಂಡು ಹೋದೆ. ದಫೇದಾರ ಅವರನ್ನು ಬೆಂಚಿನ ಮೇಲೆ ಕೂರಿಸಲೂ ಇಲ್ಲ, ಜೀಪು ಕಂಡ ಕೂಡಲೇ ಹಗ್ಗ ಎಳೆದ. ಅವತ್ತು ಎರಡು ರಾಜ್ಯದಲ್ಲಿಯೂ ನಮ್ಮಷ್ಟು ಕಾನೂನುಬದ್ಧವಾಗಿ ಕೋವಿ ಸಾಗಿಸಿದವರು ಯಾರೂ ಇರಲಿಲ್ಲ. ದ್ಯಾವಣ್ಣ ಕಣ್ಣು ಮುಚ್ಚಿಕೊಂಡಿದ್ದ, ಕೋವಿ ಅವನ ಕಾಲಿನ ಬಳಿ ಇತ್ತು. ಸಣ್ಣೀರಪ್ಪ ತೋಟಾದ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ದಾರಿಯುದ್ದಕ್ಕೂ ಆ ಕೋವಿಯನ್ನೇ ನೋಡುತ್ತಿದ್ದ, ಅದು ಇವತ್ತಾದರೂ ಬಾಯಿ ಬಿಡುತ್ತದೇನೋ ಎಂದು.